ಗಾಲಿ ಇರುವ ಶೂ: ನಮ್ಮ ಪುಟಾಣಿಗಳಿಗೆ ತಕ್ಕುದೇ?

ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಚಾಕಲೇಟು, ಅತ್ತರುಗಳ ಜೊತೆಗೆ ಮಕ್ಕಳಿಗೆಂದು ತಂದ ಶೂಗಳೂ ಇರುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸತೇನಲ್ಲ. ಅವುಗಳಲ್ಲಿ ಕೆಲವು ಶೂಗಳ ಹಿಮ್ಮಡಿಯೊಳಗೆ ಗಾಲಿ ಇರುತ್ತದೆ. ನೋಡುವಾಗ ಸಾಧಾರಣ ಕ್ರೀಡಾ ಶೂ. ಆದರೆ ಹಾಕಿಕೊಂಡ ಮಗು ನಡೆಯುತ್ತಾ ನಡೆಯುತ್ತಾ ಮುಂಗಾಲನ್ನು ಎತ್ತಿದರೆ ಸರ್ರನೆ ಜಾರಿ ಹೋಗುತ್ತದೆ. ಈಗ ಇಂತಹ ಶೂಗಳನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ತರಿಸಿಕೊಳ್ಳಲೂಬಹುದು. ಕ್ರಿಸ್ಮಸ್, ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದದ ಉಡುಗೊರೆಯಾಗಿ ಇದನ್ನು ಕೊಡಬಹುದೇ, ಐದಾರು ವರ್ಷದ ಮಗು ಇದನ್ನು ಹಾಕಬಹುದೇ ಎಂಬುದು ಅನೇಕ ಹೆತ್ತವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಕೊಡಬಹುದು, ಆದರೆ ಪಾದರಕ್ಷೆ ಎಂದಲ್ಲ, ಆಟದ ಸಾಧನ ಎಂದು. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಅಪಾಯ ಅಡಗಿರುವುದು ಇದನ್ನು ಮರೆಯುವುದರಲ್ಲೇ.

ಇದು ಬಂದದ್ದು ಎಲ್ಲಿಂದ?

ಅಮೆರಿಕದ ರೋಜರ್ ಆಡಮ್ಸ್ ಎಂಬವರು 1998ರಲ್ಲಿ ಓಡುವ ಶೂವೊಂದರ ಹಿಮ್ಮಡಿಯನ್ನು ಕತ್ತರಿಸಿ ಅದರೊಳಗೆ ಸ್ಕೇಟ್‌ಬೋರ್ಡಿನ ಗಾಲಿಯನ್ನು ಕೂರಿಸಿ ನೋಡಿದರು. ಅವರ ತಂದೆ ತಾಯಿ ಸ್ಕೇಟಿಂಗ್ ಅಂಗಣ ನಡೆಸುತ್ತಿದ್ದವರು. ಗಾಲಿಯ ಮೇಲೆ ಸಾಗುವುದು ಅವರಿಗೆ ಬಾಲ್ಯದಿಂದಲೇ ರೂಢಿಯಾಗಿತ್ತು. ಈ ಪ್ರಯೋಗದಿಂದ ಹುಟ್ಟಿದ ‘ಹೀಲೀಸ್’ ಶೂಗಳು 2000ದಲ್ಲಿ ಮಾರುಕಟ್ಟೆಗೆ ಬಂದವು. 2006ರ ಹೊತ್ತಿಗೆ ಅಮೆರಿಕ, ಯುರೋಪ್‌ಗಳ ಮಕ್ಕಳಲ್ಲಿ ಅವುಗಳ ಹುಚ್ಚು ಎಷ್ಟಿತ್ತೆಂದರೆ, ಅನೇಕ ಶಾಲೆಗಳೂ ಮಾಲ್‌ಗಳೂ ಅವುಗಳನ್ನು ನಿಷೇಧಿಸಬೇಕಾಯಿತು. ಬಳಿಕ ಆ ಅಬ್ಬರ ಇಳಿಯಿತು. ಆದರೆ ಶೂ ಮಾಯವಾಗಲಿಲ್ಲ. ಇಂದು ಅದೇ ಮಾದರಿಯ ಅಗ್ಗದ ಶೂಗಳು ನಾನಾ ಹೆಸರುಗಳಲ್ಲಿ ಸಿಗುತ್ತವೆ. ಗುಂಡಿ ಒತ್ತಿದರೆ ಗಾಲಿ ಹೊರಗೆ ಬರುವಂಥವು, ದೀಪ ಮಿನುಗುವಂಥವು, ಒಂದರ ಬದಲು ಎರಡು ಗಾಲಿಗಳಿರುವಂಥವು, ಹೀಗೆ ಬಗೆ ಹಲವು.

ಕೆಲಸ ಮಾಡುವ ಬಗೆ

ಸಾಧಾರಣ ರೋಲರ್ ಸ್ಕೇಟಿನಲ್ಲಿ ಪಾದದ ಮುಂದೆಯೂ ಹಿಂದೆಯೂ ಗಾಲಿಗಳಿರುತ್ತವೆ. ಶರೀರದ ಭಾರ ಪಾದದ ಉದ್ದಕ್ಕೂ ಹಂಚಿಹೋಗುತ್ತದೆ. ಆದರೆ ಗಾಲಿ ಶೂನ ಗಾಲಿ ಸಾಮಾನ್ಯವಾಗಿ ಹಿಮ್ಮಡಿಯಲ್ಲಿ ಮಾತ್ರ. ಜಾರಬೇಕಾದರೆ ಒಂದು ಕಾಲನ್ನು ಮುಂದಿಟ್ಟು, ಎರಡೂ ಪಾದಗಳ ಬೆರಳುಗಳನ್ನು ಮೇಲೆತ್ತಿ, ಇಡೀ ಭಾರವನ್ನು ಹಿಮ್ಮಡಿಗಳ ಮೇಲೆ ಹಾಕಬೇಕು. ಭಾರ ಸ್ವಲ್ಪ ಹಿಂದಕ್ಕೆ ವಾಲಿದರೂ ಮಗು ಬೆನ್ನ ಕಡೆಗೆ ಬೀಳುತ್ತದೆ. ಹಾಗೆ ಬೀಳುವಾಗ ನೆಲಕ್ಕೆ ಕೈ ಊರುವುದು ಸಹಜ ಪ್ರವೃತ್ತಿ. ಆಗ ಪೆಟ್ಟು ತಗಲುವುದು ಮಣಿಕಟ್ಟಿಗೆ ಅಥವಾ ಮೊಣಕೈಗೆ. ಕೈ ಊರಲು ಸಮಯ ಸಿಗದಿದ್ದರೆ ತಲೆಯ ಹಿಂಭಾಗಕ್ಕೆ.

ಇನ್ನೊಂದು ವಿಷಯ ಗಾಲಿಯ ಗಾತ್ರ. ಸೈಕಲ್ಲಿನ ದೊಡ್ಡ ಚಕ್ರ ಸಣ್ಣ ಕಲ್ಲನ್ನು ಹತ್ತಿ ಇಳಿಯುತ್ತದೆ. ಶೂನ ಪುಟ್ಟ ಗಾಲಿ ಅದೇ ಕಲ್ಲಿಗೆ ತಾಗಿದಾಗ ಗಕ್ಕನೆ ನಿಲ್ಲುತ್ತದೆ. ಗಾಲಿ ನಿಂತರೂ ಶರೀರ ನಿಲ್ಲುವುದಿಲ್ಲ. ಇನ್ನು ಸೈಕಲ್ಲಿಗಿರುವಂತೆ ಕೈಯಲ್ಲಿ ಹಿಡಿಯುವ ಬ್ರೇಕ್ ಇದಕ್ಕಿಲ್ಲ. ಹಿಮ್ಮಡಿಯ ಹಿಂತುದಿಯನ್ನು ನೆಲಕ್ಕೆ ಉಜ್ಜಿಯೋ ಮುಂಗಾಲನ್ನು ಇಳಿಸಿ ನಡೆದೋ ನಿಲ್ಲಿಸಬೇಕು. ಇದು ಕಲಿತು ಬರುವ ವಿದ್ಯೆ.

ಎಳೆಯ ಮಕ್ಕಳಿಗೆ ಏಕೆ ಬೇಡ?

ಮಗು ಒಂದು ವರ್ಷಕ್ಕೆ ಹೆಜ್ಜೆಯಿಟ್ಟರೂ ಅದರ ನಡಿಗೆ ದೊಡ್ಡವರ ನಡಿಗೆಯಂತೆ ಸ್ಥಿರವಾಗುವುದು ಸುಮಾರು ಏಳು ವರ್ಷದ ಹೊತ್ತಿಗೆ. ಕಣ್ಣು, ಒಳಗಿವಿ ಮತ್ತು ಕಾಲಿನ ಸ್ನಾಯುಗಳಿಂದ ಬರುವ ಸಂದೇಶಗಳನ್ನು ಒಟ್ಟುಗೂಡಿಸಿ ಸಮತೋಲನ ಕಾಯುವ ಶಕ್ತಿ ಆ ಬಳಿಕವೂ ಬೆಳೆಯುತ್ತಲೇ ಇರುತ್ತದೆ. ಚಿಕ್ಕ ಮಕ್ಕಳ ತಲೆ ಶರೀರಕ್ಕೆ ಹೋಲಿಸಿದರೆ ದೊಡ್ಡದು, ಭಾರ ಮೇಲ್ಭಾಗದಲ್ಲಿ ಹೆಚ್ಚು. ಎದುರಿಗೆ ಬರುವ ವಾಹನದ ವೇಗವನ್ನಾಗಲಿ ತನ್ನ ವೇಗವನ್ನಾಗಲಿ ಅಳೆಯುವ ತಿಳಿವಳಿಕೆಯೂ ಆ ಪ್ರಾಯದಲ್ಲಿ ಇರುವುದಿಲ್ಲ. ‘ನಮ್ಮ ಮಗು ತುಂಬಾ ಚುರುಕು’ ಎಂದು ಹೆತ್ತವರು ಹೇಳುವುದುಂಟು. ಚುರುಕುತನ ಬೇರೆ, ಸಮತೋಲನ ಬೇರೆ.

ಮೂಳೆಗಳ ವಿಷಯವನ್ನೂ ತಿಳಿದಿರಬೇಕು. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಮಣಿಕಟ್ಟಿನ ಬಳಿ ಮೂಳೆ ಮುರಿದಾಗ ಈ ಪದರಕ್ಕೂ ಪೆಟ್ಟಾಗಬಹುದು. ಹೆಚ್ಚಿನವು ಸರಿಯಾದ ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತವೆ. ಅಪರೂಪಕ್ಕೆ ಕೆಲವು ಪ್ರಕರಣಗಳಲ್ಲಿ ಆ ಮೂಳೆಯ ಬೆಳವಣಿಗೆ ಕುಂಠಿತವಾಗುವುದೂ ಉಂಟು. ಮೊಣಕೈಗಿಂತ ತುಸು ಮೇಲೆ ಆಗುವ ಮುರಿತ ಐದರಿಂದ ಏಳು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಅಲ್ಲಿ ರಕ್ತನಾಳಕ್ಕೋ ನರಕ್ಕೋ ತೊಂದರೆಯಾದರೆ ಅದು ತುರ್ತು ಸ್ಥಿತಿ.

ವೈದ್ಯರು ಕಂಡದ್ದು

ಐರ್ಲೆಂಡಿನ ಡಬ್ಲಿನ್ ನಗರದ ಟೆಂಪಲ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು 2006ರ ಬೇಸಿಗೆ ರಜೆಯ ಹತ್ತು ವಾರಗಳಲ್ಲಿ, ಗಾಲಿ ಶೂಗಳಿಂದಲೂ ಶೂಗೆ ಕಟ್ಟಿಕೊಳ್ಳುವ ಗಾಲಿಗಳಿಂದಲೂ ಬಿದ್ದು ಮೂಳೆ, ಕೀಲುಗಳಿಗೆ ಪೆಟ್ಟಾದ 67 ಮಕ್ಕಳನ್ನು ನೋಡಿದರು. ಅವರ ವರದಿ 2007ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಕ್ಕಳ ಸರಾಸರಿ ಪ್ರಾಯ ಒಂಬತ್ತೂವರೆ ವರ್ಷದ ಆಸುಪಾಸು. ಹೆಚ್ಚಿನ ಗಾಯಗಳು ಕೈಗೆ ಆದವು. ಗಮನಿಸಬೇಕಾದ ಅಂಶವೆಂದರೆ, ಗಾಯಗೊಂಡವರಲ್ಲಿ ಸುಮಾರು ಐದನೇ ಒಂದು ಪಾಲಿನವರು ಬಿದ್ದದ್ದು ಅದನ್ನು ಮೊತ್ತಮೊದಲ ಬಾರಿ ಹಾಕಿಕೊಂಡಾಗ. ಇನ್ನೂ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನವರು ಬಿದ್ದದ್ದು ಕಲಿಯುವ ಹಂತದಲ್ಲಿ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2006ರಲ್ಲಿ ಸುಮಾರು 1,600 ಮಂದಿ ಈ ಕಾರಣಕ್ಕೆ ತುರ್ತು ಚಿಕಿತ್ಸಾ ವಿಭಾಗಗಳಿಗೆ ಹೋಗಿದ್ದರೆಂದು ಅಂದಾಜು ಮಾಡಿತ್ತು. ಅಲ್ಲಿನ ಮೂಳೆ ತಜ್ಞರ ಸಂಘವು 2007ರಲ್ಲಿ ಹೆಲ್ಮೆಟ್, ಮಣಿಕಟ್ಟಿನ ರಕ್ಷಾಕವಚ, ಮೊಣಕಾಲು ಮತ್ತು ಮೊಣಕೈ ಪ್ಯಾಡ್‌ಗಳನ್ನು ಧರಿಸಬೇಕೆಂದು ಸಲಹೆ ನೀಡಿತು. ಬೇರೆ ಆಟಗಳಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳು ಗಾಯಗೊಳ್ಳುತ್ತಾರೆ ಎಂಬುದು ತಯಾರಕರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಫುಟ್ಬಾಲಿನಲ್ಲೂ ಸೈಕಲ್ಲಿನಲ್ಲೂ ಮಕ್ಕಳು ಬೀಳುತ್ತಾರೆ. ಆದರೆ ಫುಟ್ಬಾಲನ್ನು ಮೈದಾನದಲ್ಲಿ ಆಡುತ್ತೇವೆ, ಸೈಕಲ್ಲನ್ನು ಹೊರಗೆ ನಿಲ್ಲಿಸಿ ಒಳಗೆ ಬರುತ್ತೇವೆ. ಗಾಲಿ ಶೂ ಮಾತ್ರ ಮಗುವಿನ ಕಾಲಿಗೆ ಅಂಟಿಕೊಂಡು ಅಂಗಡಿಗೆ, ಬಸ್ಸಿಗೆ, ಮದುವೆ ಹಾಲ್‌ಗೆ, ಚರ್ಚಿಗೆ ಎಲ್ಲೆಡೆಗೂ ಬರುತ್ತದೆ. ಶೂಗೆ ಯಾರು ತಾನೇ ಹೆಲ್ಮೆಟ್ ಹಾಕುತ್ತಾರೆ?

ನಮ್ಮ ನೆಲಕ್ಕೆ ಇದು ಹೊಂದುವುದೇ?

ಈ ಶೂ ಹುಟ್ಟಿದ್ದು ಸಮತಟ್ಟಾದ ಕಾಂಕ್ರೀಟ್ ಕಾಲುದಾರಿಗಳಿರುವ ಊರಿನಲ್ಲಿ. ನಮ್ಮಲ್ಲಿ ಮನೆಯಂಗಳ ಮುರಕಲ್ಲಿನದ್ದು ಅಥವಾ ಸಂದುಬಿಟ್ಟ ಇಂಟರ್‌ಲಾಕ್ ಹಾಸಿನದ್ದು. ರಸ್ತೆಬದಿಯಲ್ಲಿ ಜಲ್ಲಿ, ಚರಂಡಿ. ಮಳೆಗಾಲದ ನಾಲ್ಕು ತಿಂಗಳು ಪಾಚಿ. ಮನೆಯೊಳಗಿನ ಟೈಲ್ಸ್ ನುಣುಪಾಗಿದ್ದರೂ ಅಲ್ಲಿ ಜಾಗ ಕಿರಿದು, ಮೇಜಿನ ಮೂಲೆಗಳು ಮಗುವಿನ ತಲೆಯ ಎತ್ತರಕ್ಕೇ ಇರುತ್ತವೆ. ಇನ್ನು ನಮ್ಮ ಅನೇಕ ಚರ್ಚುಗಳು ಗುಡ್ಡದ ಮೇಲಿವೆ. ಚರ್ಚಿನ ಅಂಗಳದಿಂದ ಗೇಟಿನವರೆಗೆ ಇಳಿಜಾರು. ಬಲಿಪೂಜೆ ಮುಗಿದೊಡನೆ ಅಲ್ಲಿ ಕಾರು, ರಿಕ್ಷಾಗಳು ಹಿಂದೆ ಮುಂದೆ ಚಲಿಸುತ್ತಿರುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಹಾಕಲು ತಿಳಿಯದ ಮಗು ಹಿಂದಕ್ಕೆ ಬರುತ್ತಿರುವ ಕಾರಿನ ಹಿಂದೆ ಸಿಕ್ಕಿಕೊಂಡರೆ ಚಾಲಕನಿಗೆ ಕಾಣುವುದೂ ಇಲ್ಲ.

ಕೊಡುವುದಾದರೆ ಹೇಗೆ?

ಸ್ಕೇಟ್‌ಬೋರ್ಡ್ ಕುರಿತು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2002ರಲ್ಲಿ ಒಂದು ಮಾರ್ಗಸೂಚಿ ನೀಡಿತ್ತು. ಐದು ವರ್ಷದೊಳಗಿನವರಿಗೆ ಬೇಡವೇ ಬೇಡ, ಹತ್ತು ವರ್ಷದೊಳಗಿನವರು ದೊಡ್ಡವರ ನಿಕಟ ನಿಗಾ ಇಲ್ಲದೆ ಬಳಸಬಾರದು ಎಂಬುದು ಅದರ ಸಾರ. ಗಾಲಿ ಶೂಗೂ ಈ ಅಳತೆಗೋಲು ಹಿಡಿದರೆ ತಪ್ಪಾಗದು. ಎಂಟು ವರ್ಷದವರೆಗೆ ಕಾಯುವುದು ಇನ್ನೂ ಕ್ಷೇಮ. ಬಳಿಕ ಈ ಕೆಳಗಿನ ವಿಷಯಗಳನ್ನು ಪಾಲಿಸಬಹುದು.

1. ಶೂ ಕೊಳ್ಳುವಾಗಲೇ ಹೆಲ್ಮೆಟ್ ಮತ್ತು ಮಣಿಕಟ್ಟಿನ ಕವಚವನ್ನೂ ಕೊಳ್ಳಿರಿ. ಅವುಗಳಿಗೆ ಹಣ ಸಾಲದಿದ್ದರೆ ಶೂ ಕೊಳ್ಳುವುದನ್ನೂ ಮುಂದೂಡಿರಿ.

2. ಅಳತೆ ಸರಿಯಾಗಿರಲಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡ ಶೂ ಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು. ಸಡಿಲ ಶೂನಲ್ಲಿ ಪಾದ ತಿರುಚುತ್ತದೆ.

3. ಮೊದಲ ದಿನಗಳಲ್ಲಿ ಒಬ್ಬರು ದೊಡ್ಡವರು ಕೈಹಿಡಿದು ಕಲಿಸಲಿ. ಜಾರುವುದಕ್ಕಿಂತ ಮೊದಲು ನಿಲ್ಲಿಸಲು ಕಲಿಯಲಿ.

4. ಗೋಡೆಯಿಂದ ಆವೃತವಾದ, ಒಣಗಿದ, ಸಮತಟ್ಟಾದ, ವಾಹನ ಬಾರದ ಸ್ಥಳದಲ್ಲಿ ಮಾತ್ರ ಬಳಸಲಿ. ರಸ್ತೆ, ಮೆಟ್ಟಿಲು, ಇಳಿಜಾರು, ಎಸ್ಕಲೇಟರ್ ಬೇಡ.

5. ಆಟ ಮುಗಿದ ಮೇಲೆ ಶೂ ಕಳಚಿಡಲಿ. ಗಾಲಿ ತೆಗೆದು ಮುಚ್ಚಳ ಹಾಕುವ ಸೌಲಭ್ಯ ಕೆಲವದರಲ್ಲಿದೆ. ಹಾಗಿದ್ದರೂ ಅದು ದಪ್ಪ ಅಟ್ಟೆಯ ಭಾರದ ಶೂ. ದಿನವಿಡೀ ಶಾಲೆಗೆ ಹಾಕಲು ಹಗುರವಾಗಿ ಬಾಗುವ ಶೂವೇ ಉತ್ತಮ.

6. ಗೆಳೆಯರಿಗೆ ‘ಒಂದು ಸುತ್ತು ಹಾಕು’ ಎಂದು ಕೊಡಲು ಬಿಡಬೇಡಿರಿ. ಅಳತೆಗೆ ಹೊಂದದ ಶೂ, ರಕ್ಷಾಕವಚವಿಲ್ಲದ ಮಗು, ಮೊದಲ ಅನುಭವ, ಇವು ಮೂರೂ ಕೂಡಿಬಂದಾಗಲೇ ಅಪಾಯ ಹೆಚ್ಚು. ಡಬ್ಲಿನ್ನಿನ ವರದಿ ಕಲಿಸುವ ಪಾಠವೂ ಇದೇ.

ಮಗು ಬಿದ್ದರೆ

ಕೈ ಊದಿಕೊಂಡಿದ್ದರೆ, ವಕ್ರವಾಗಿದ್ದರೆ ಅಥವಾ ಮಗು ಕೈ ಅಲುಗಿಸಲು ಒಪ್ಪದಿದ್ದರೆ ಮುರಿತವೆಂದೇ ತಿಳಿಯಬೇಕು. ಎಣ್ಣೆ ಹಚ್ಚಿ ಉಜ್ಜುವುದು, ಎಳೆದು ನೇರ ಮಾಡುವುದು, ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟುವುದು ಬೇಡ. ಬಿಗಿಯಾದ ಕಟ್ಟು ರಕ್ತಸಂಚಾರವನ್ನೇ ತಡೆದು ಕೈಗೆ ಶಾಶ್ವತ ಊನ ತರಬಹುದು. ಕೈ ಇದ್ದ ಸ್ಥಿತಿಯಲ್ಲೇ, ಮಡಚಿದ ದಪ್ಪ ವಾರ್ತಾಪತ್ರಿಕೆಯ ಆಧಾರ ಕೊಟ್ಟು, ಶಾಲಿನಿಂದ ಸಡಿಲವಾಗಿ ಕುತ್ತಿಗೆಗೆ ತೂಗುಹಾಕಿ ಆಸ್ಪತ್ರೆಗೆ ಕರೆದೊಯ್ಯಿರಿ. ಬೆರಳುಗಳು ತಣ್ಣಗಾಗಿದ್ದರೆ, ಬಿಳುಚಿದ್ದರೆ, ನೀಲಿಗಟ್ಟಿದ್ದರೆ ಅಥವಾ ಜೋಮು ಹಿಡಿದಿದ್ದರೆ ತಡಮಾಡಲೇಬಾರದು. ಅರಿವಳಿಕೆ ಕೊಡಬೇಕಾಗಿ ಬರಬಹುದಾದ್ದರಿಂದ ವೈದ್ಯರು ನೋಡುವವರೆಗೆ ತಿನ್ನಲು, ಕುಡಿಯಲು ಕೊಡಬೇಡಿರಿ. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಪರಾದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆಮಾಡಿರಿ.

ಧರ್ಮಕೇಂದ್ರಗಳ ಹೊಣೆ

ಪಾಲನಾ ಮಂಡಳಿಯವರು, ಗುರ್ಕಾರರು, ಧರ್ಮೋಪದೇಶದ ಶಿಕ್ಷಕರು ಈ ಬಗ್ಗೆ ಒಂದು ಸರಳ ನಿಯಮ ಮಾಡಿಕೊಳ್ಳುವುದು ಒಳಿತು: ಚರ್ಚ್, ಸಭಾಭವನ ಮತ್ತು ವಾಹನ ನಿಲ್ದಾಣದಲ್ಲಿ ಗಾಲಿ ಬಳಸುವಂತಿಲ್ಲ. ನುಣುಪಾದ ಗ್ರಾನೈಟ್ ನೆಲದ ಮೇಲೆ ಜಾರಿಬರುವ ಮಗು ಊರುಗೋಲು ಹಿಡಿದ ಅಜ್ಜಿಗೆ ತಾಗಿದರೆ, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾದೀತು. ಮೆರವಣಿಗೆಯಲ್ಲಿ ಉರಿಯುವ ಮೇಣದಬತ್ತಿ ಹಿಡಿದು ನಡೆಯುವ ಮಕ್ಕಳ ಸಾಲಿನಲ್ಲೂ ಪೀಠ ಸೇವಕರ ಕಾಲಿನಲ್ಲೂ ಇದು ಖಂಡಿತ ಇರಬಾರದು. ನಿಯಮವನ್ನು ಮೊದಲು ಹೆತ್ತವರಿಗೆ ತಿಳಿಸಬೇಕೇ ಹೊರತು ಎಲ್ಲರೆದುರು ಮಗುವನ್ನು ಗದರಿಸಬಾರದು. ಶೂ ಕೊಡಿಸಿದ್ದು ಮಗುವಲ್ಲ.

ಹಾಗೆಂದು ಆಟವನ್ನೇ ಅನುಮಾನದಿಂದ ನೋಡುವುದು ನಮ್ಮ ಧರ್ಮಸಭೆಯ ಪರಂಪರೆಯಲ್ಲ. ಸಂತ ಜಾನ್ ಬೋಸ್ಕೊ (1815–1888) ಬಾಲಕನಾಗಿದ್ದಾಗ ಹಗ್ಗದ ಮೇಲೆ ನಡೆಯುವುದನ್ನು ಕಲಿತು, ಊರಿನವರನ್ನು ಆ ಆಟದಿಂದ ಸೆಳೆದು ಪ್ರಾರ್ಥನೆಗೆ ಕೂಡಿಸುತ್ತಿದ್ದರು. ಮುಂದೆ ಗುರುಗಳಾಗಿ ಟ್ಯೂರಿನ್ ನಗರದ ಬಡ ಹುಡುಗರಿಗೆ ಆಟದ ಅಂಗಳವನ್ನೂ ತೆರೆದರು. ಆದರೆ ಅವರ ಶಿಕ್ಷಣ ಪದ್ಧತಿಯ ತಿರುಳು ಏನೆಂದರೆ, ಮಕ್ಕಳು ಆಡುವಲ್ಲಿ ಹಿರಿಯರೂ ಇರಬೇಕು, ಕೇಡು ಸಂಭವಿಸಿದ ಮೇಲೆ ದಂಡಿಸುವುದಕ್ಕಿಂತ ಸಂಭವಿಸದಂತೆ ಜೊತೆಗಿದ್ದು ಕಾಯಬೇಕು.

ಗಾಲಿ ಶೂ ಕೊಡಿಸುವ ಹೆತ್ತವರಿಗೂ ಇದೇ ಮಾತು ಅನ್ವಯಿಸುತ್ತದೆ. ಪರದೇಶದಲ್ಲಿ ದುಡಿಯುವ ತಂದೆ ಪ್ರೀತಿಯಿಂದ ಕಳುಹಿಸಿದ ಉಡುಗೊರೆಯನ್ನು ಬೇಡವೆನ್ನುವುದು ಕಷ್ಟ. ಮಗು ಇನ್ನೂ ಚಿಕ್ಕದಾಗಿದ್ದರೆ, ಮುಂದಿನ ಬಾರಿ ಏನು ತರಬೇಕೆಂದು ಫೋನಿನಲ್ಲಿ ಮೊದಲೇ ಹೇಳಿರಿ. ಈಗಾಗಲೇ ಬಂದಿದ್ದರೆ ಗಾಲಿ ತೆಗೆದಿಡಿರಿ, ಗಾಲಿ ತೆಗೆಯಲು ಬಾರದಿದ್ದರೆ ಶೂವನ್ನೇ ಕಪಾಟಿನಲ್ಲಿಡಿರಿ. ಮಗು ದೊಡ್ಡದಾಗಿದ್ದರೆ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದರ ಪಕ್ಕದಲ್ಲಿ ನಿಲ್ಲಿರಿ. ಹಾಗೆ ನಿಲ್ಲಲು ನಿಮಗೆ ಸಮಯವಿಲ್ಲದಿದ್ದರೆ, ಆ ಶೂಗೂ ನಿಮ್ಮ ಮನೆಯಲ್ಲಿ ಇನ್ನೂ ಸಮಯ ಬಂದಿಲ್ಲವೆಂದು ತಿಳಿಯಿರಿ.