ಪಕ್ಕೆಲುಬೇ ಚಿಪ್ಪಾದ ಪ್ರಾಣಿ

ಆಮೆಯ ಬೆನ್ನುಮೂಳೆ, ಪಕ್ಕೆಲುಬು ಮತ್ತು ಚರ್ಮ ಕೂಡಿ ಬೆಳೆದು ಆದದ್ದೇ ಅದರ ಚಿಪ್ಪು. ಕಡಲತೀರದ ಸನ್ಯಾಸಿ ಏಡಿ ಬೇರೆ ಜೀವಿ ಬಿಟ್ಟುಹೋದ ಶಂಖದೊಳಗೆ ಸೇರಿಕೊಳ್ಳುತ್ತದೆ, ಮೈ ಬೆಳೆದಾಗ ಅದನ್ನು ಬಿಟ್ಟು ಇನ್ನೂ ದೊಡ್ಡದನ್ನು ಹುಡುಕುತ್ತದೆ. ಆಮೆಗೆ ಈ ಅನುಕೂಲವಿಲ್ಲ. ಮೊಟ್ಟೆಯಿಂದ ಹೊರಬರುವಾಗಲೇ ಮರಿಯ ಮೈಮೇಲೆ ಚಿಪ್ಪಿರುತ್ತದೆ, ಸಾಯುವವರೆಗೂ ಮೈಯೊಂದಿಗೇ ಬೆಳೆಯುತ್ತದೆ. ಸತ್ತ ಆಮೆಯ ಬರಿದಾದ ಚಿಪ್ಪನ್ನು ಮಗುಚಿ ಒಳಗೆ ನೋಡಿದರೆ ನಡುವೆ ಉದ್ದಕ್ಕೂ ಬೆನ್ನುಮೂಳೆ, ಅದರ ಎರಡೂ ಬದಿಗೆ ಚಾಚಿದ ಪಕ್ಕೆಲುಬುಗಳು ಚಾವಣಿಗೆ ಬೆಸೆದುಕೊಂಡಿರುವುದು ಕಾಣುತ್ತದೆ.

ವಿಜಯನಗರ ಜಿಲ್ಲೆಯ ನೆಲ ಎರಡು ಬಗೆಯ ಆಮೆಗಳಿಗೆ ಒಗ್ಗುವಂಥದ್ದು. ಗುಡೇಕೋಟೆ, ಕೂಡ್ಲಿಗಿ ಕಡೆಯ ಬಂಡೆಗುಡ್ಡ ಮತ್ತು ಮುಳ್ಳುಕುರುಚಲಿನಂಥ ಒಣಭೂಮಿ ನಕ್ಷತ್ರ ಆಮೆಯ ವಾಸಕ್ಕೆ ತಕ್ಕದ್ದು. ಇಂಥದೇ ನೆಲದ ದರೋಜಿ ಕರಡಿಧಾಮದ ಪ್ರಾಣಿಪಟ್ಟಿಯಲ್ಲಿ ನಕ್ಷತ್ರ ಆಮೆಯ ಹೆಸರಿದೆ. ಎರಡನೆಯದು ನೀರಿನದು. ಕೆರೆ, ಬಾವಿ, ಕಾಲುವೆ, ಗದ್ದೆಗಳಲ್ಲಿ ಬದುಕುವ ಮೆತ್ತನೆ ಮೈಯ ಕೆರೆ ಆಮೆ ದಕ್ಷಿಣ ಭಾರತದಲ್ಲೆಲ್ಲ ಸಾಮಾನ್ಯ. ಈ ಎರಡರ ಚಿಪ್ಪು ನೋಡಲು ಬೇರೆ ಬೇರೆಯಾದರೂ ಒಳಗಿನ ಮೂಲ ಕಟ್ಟಡ ಒಂದೇ.

ಚಿಪ್ಪಿಗೆ ಮೂರು ಭಾಗ: ಮೇಲಿನ ಬೆನ್ನುಚಿಪ್ಪು, ಕೆಳಗಿನ ಹೊಟ್ಟೆಚಿಪ್ಪು, ಎರಡನ್ನೂ ಪಕ್ಕದಲ್ಲಿ ಕೂಡಿಸುವ ಸೇತುವೆ. ಬೆನ್ನುಚಿಪ್ಪಿನ ನಡುಸಾಲಿನ ಫಲಕಗಳು ಮುಂಡದ ಬೆನ್ನುಮೂಳೆಗೆ ಬೆಸೆದಿವೆ. ಅವುಗಳ ಇಕ್ಕೆಲದಲ್ಲಿ ಸಾಮಾನ್ಯವಾಗಿ ಎಂಟು ಜೊತೆ ಅಗಲ ಫಲಕಗಳಿದ್ದು, ಒಂದೊಂದರ ಒಳಗೂ ಒಂದು ಪಕ್ಕೆಲುಬು ಅಡಗಿದೆ. ಹೆಚ್ಚಿನ ಆಮೆಗಳಲ್ಲಿ ಅಂಚಿಗೆ ಸುತ್ತಲೂ ಚಿಕ್ಕ ಫಲಕಗಳ ಸಾಲು. ಹೊಟ್ಟೆಚಿಪ್ಪಿನಲ್ಲಿ ಸಾಮಾನ್ಯವಾಗಿ ಒಂಬತ್ತು ಎಲುಬುಗಳು. ಅದರ ಮುಂಭಾಗ ಬೇರೆ ಪ್ರಾಣಿಗಳ ಕೊರಳೆಲುಬಿಗೆ ಸಮನಾದದ್ದು, ಹಿಂಭಾಗ ಹಳೆಯ ಸರೀಸೃಪಗಳ ಹೊಟ್ಟೆಯ ಎಲುಬುಗಳಿಂದ ಬಂದದ್ದು ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ಹೆಚ್ಚಿನ ಆಮೆಗಳಲ್ಲಿ ಎಲುಬಿನ ಮೇಲೆ ಹೊದಿಕೆಯಾಗಿರುವುದು ಕೆರಟಿನ್ ಎಂಬ ಗಟ್ಟಿ ವಸ್ತುವಿನ ತಟ್ಟೆಗಳು. ಉಗುರು, ಕೊಂಬು, ಗೊರಸುಗಳೂ ಇದೇ ವಸ್ತುವಿನಿಂದಾದವು. ತಟ್ಟೆಗಳ ನಡುವಿನ ಗೆರೆ ಅಡಿಯ ಎಲುಬುಗಳ ಕೂಡುಗೆರೆಯ ನೇರಕ್ಕೆ ಬೀಳುವುದಿಲ್ಲ. ಗೋಡೆ ಕಟ್ಟುವವರು ಮೇಲಿನ ವರಸೆಯ ಸಂದನ್ನು ಕೆಳಗಿನ ಇಟ್ಟಿಗೆಯ ನಡುವಿಗೆ ತರುವಂತೆ ಇಲ್ಲಿಯೂ ಸಂದುಗಳು ತಪ್ಪಿ ಕೂತಿವೆ. ಪೆಟ್ಟು ಬಿದ್ದರೆ ಬಿರುಕು ನೇರವಾಗಿ ಒಳಗಿಳಿಯದಿರಲು ಇದು ನೆರವಾಗುತ್ತದೆ.

ನಕ್ಷತ್ರ ಆಮೆಯ ಚಿತ್ತಾರ ಮೂಡುವುದು ಈ ತಟ್ಟೆಗಳ ಮೇಲೆಯೇ. ಪ್ರತಿ ತಟ್ಟೆಯ ನಡುವೆ ಹಳದಿ ಬೊಟ್ಟು, ಅಲ್ಲಿಂದ ಅಂಚಿನತ್ತ ಹರಡುವ ಹಳದಿ ಗೆರೆಗಳು. ನಡುವಿನ ಬೊಟ್ಟೇ ಮರಿಯಾಗಿದ್ದಾಗಿನ ತಟ್ಟೆ. ಆಮೆ ಬೆಳೆದಂತೆ ಹೊಸ ಕೆರಟಿನ್ ಅಂಚಿಗೆ ಸೇರುತ್ತ ಉಂಗುರಗಳು ಮೂಡುತ್ತವೆ. ವರ್ಷಕ್ಕೊಂದೇ ಉಂಗುರ ಎಂಬ ಕಟ್ಟುನಿಟ್ಟು ಇಲ್ಲದ್ದರಿಂದ ಅವನ್ನೆಣಿಸಿ ಆಮೆಯ ವಯಸ್ಸು ಹೇಳಲಾಗದು. ಒಣ ಹುಲ್ಲಿನ ಬಿಸಿಲು ನೆರಳಿನಲ್ಲಿ ಈ ಗೆರೆಗಳು ಆಮೆಯ ಆಕಾರವನ್ನು ಮರೆಮಾಚುತ್ತವೆ.

ತಟ್ಟೆಯ ಹೊರಪದರ ಉಗುರಿನ ತುದಿಯಂತೆ ನಿರ್ಜೀವವಾದರೂ ಅದರಡಿಯ ಚರ್ಮ ಮತ್ತು ಎಲುಬಿನಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಚಿಪ್ಪನ್ನು ಮೆಲ್ಲಗೆ ಮುಟ್ಟಿದರೂ ಆಮೆಗೆ ತಿಳಿಯುತ್ತದೆ. ಒಡೆದರೆ ನೆತ್ತರು ಬರುತ್ತದೆ, ನೋವಾಗುತ್ತದೆ.

ಇಂಥ ರಚನೆ ಹೇಗಾಯಿತೆಂಬುದಕ್ಕೆ ಮೊಟ್ಟೆಯೊಳಗಿನ ಭ್ರೂಣದಲ್ಲಿ ಸುಳಿವಿದೆ. ಹಲ್ಲಿ, ಕೋಳಿ, ಮನುಷ್ಯರ ಭ್ರೂಣಗಳಲ್ಲಿ ಪಕ್ಕೆಲುಬು ಬೆನ್ನಿನಿಂದ ಬಾಗಿ ಕೆಳಗಿಳಿದು ಎದೆಯನ್ನು ಸುತ್ತುತ್ತದೆ. ಆಮೆಯ ಭ್ರೂಣದಲ್ಲಿ ಬೆನ್ನಿನ ಇಕ್ಕೆಲದಲ್ಲೂ ಒಂದು ಉಬ್ಬುಗೆರೆ ಮೂಡುತ್ತದೆ. ಪಕ್ಕೆಲುಬುಗಳು ಕೆಳಗಿಳಿಯದೆ ಆ ಗೆರೆಯ ಕಡೆಗೆ ಅಡ್ಡಡ್ಡವಾಗಿ ಬೆಳೆಯುತ್ತವೆ. ಆಮೇಲೆ ಅವುಗಳ ಸುತ್ತ ಎಲುಬು ಹರಡಿ ಫಲಕಗಳಾಗುತ್ತವೆ. ಈ ಬೆಳವಣಿಗೆಯಲ್ಲಿ ಮೈಯ ಗೋಡೆ ಒಳಕ್ಕೆ ಮಡಚಿಕೊಳ್ಳುವುದನ್ನು ಜಪಾನಿನ ಕೋಬೆಯ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ವಿವರಿಸಿದರು. ಉಳಿದ ಪ್ರಾಣಿಗಳಲ್ಲಿ ಹೆಗಲಿನ ಹಲಗೆಮೂಳೆ ಪಕ್ಕೆಲುಬಿನ ಹೊರಗಿದ್ದರೆ ಆಮೆಯಲ್ಲಿ ಅದು ಪಕ್ಕೆಲುಬಿನ ಗೂಡಿನ ಒಳಗೆ ಬಂದಿರುವುದು ಈ ಮಡಿಕೆಯಿಂದಲೇ.

ಕಲ್ಲಾದ ಪಳೆಯುಳಿಕೆಗಳೂ ಇದೇ ಕಥೆಯನ್ನು ಹಂತಹಂತವಾಗಿ ಹೇಳುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿದ, ಸುಮಾರು 26 ಕೋಟಿ ವರ್ಷ ಹಿಂದಿನ ಯುನೊಟೊಸಾರಸ್ ಎಂಬ ಸರೀಸೃಪಕ್ಕೆ ಚಿಪ್ಪಿರಲಿಲ್ಲ, ಆದರೆ ಪಕ್ಕೆಲುಬುಗಳು ಅಗಲವಾಗಿದ್ದವು. ಚೀನಾದ ಗುಯಿಝೌ ಪ್ರಾಂತದಲ್ಲಿ ಸಿಕ್ಕಿ 2008ರಲ್ಲಿ ಪ್ರಕಟವಾದ ಒಡಾಂಟೊಕೀಲಿಸ್ ಸುಮಾರು 22 ಕೋಟಿ ವರ್ಷ ಹಿಂದಿನದು. ಅದರ ಬಾಯಲ್ಲಿ ಹಲ್ಲಿದ್ದವು, ಹೊಟ್ಟೆಚಿಪ್ಪು ಪೂರ್ತಿಯಾಗಿತ್ತು, ಬೆನ್ನುಚಿಪ್ಪು ಮಾತ್ರ ಅರೆಬರೆ. ಸುಮಾರು 21 ಕೋಟಿ ವರ್ಷ ಹಿಂದಿನ ಪ್ರೊಗ್ಯಾನೊಕೀಲಿಸ್ ಹೊತ್ತಿಗೆ ಚಿಪ್ಪು ಪೂರ್ಣವಾಗಿತ್ತು. ಪಕ್ಕೆಲುಬು ಮೊದಲು ಅಗಲವಾದದ್ದು ರಕ್ಷಣೆಗಲ್ಲ, ನೆಲ ತೋಡುವಾಗ ಮೈಯನ್ನು ಬಿಗಿಯಾಗಿ ಹಿಡಿದಿಡಲು ಎಂಬ ವಾದವನ್ನು 2016ರಲ್ಲಿ ಕೆಲವು ಸಂಶೋಧಕರು ಮುಂದಿಟ್ಟರು.

ಪಕ್ಕೆಲುಬು ಚಿಪ್ಪಾದದ್ದರಿಂದ ಆಮೆ ಉಸಿರಾಟಕ್ಕೆ ಬೇರೆ ದಾರಿ ಕಂಡುಕೊಳ್ಳಬೇಕಾಯಿತು. ಮನುಷ್ಯ ಉಸಿರೆಳೆದಾಗ ಪಕ್ಕೆಲುಬುಗಳು ಮೇಲೆದ್ದು ಎದೆ ಹಿಗ್ಗುತ್ತದೆ. ಆಮೆಯ ಪಕ್ಕೆಲುಬು ಅಲುಗಾಡುವುದಿಲ್ಲ. ಅದರ ಶ್ವಾಸಕೋಶ ಬೆನ್ನುಚಿಪ್ಪಿನ ಒಳಚಾವಣಿಗೆ ಅಂಟಿಕೊಂಡಿದೆ. ಹೊಟ್ಟೆಯ ಸ್ನಾಯುಗಳಲ್ಲಿ ಒಂದು ಗುಂಪು ಒಳಾಂಗಗಳನ್ನು ಮೇಲಕ್ಕೆ ಒತ್ತಿ ಗಾಳಿಯನ್ನು ಹೊರದೂಡುತ್ತದೆ, ಇನ್ನೊಂದು ಗುಂಪು ಜಾಗ ಹಿಗ್ಗಿಸಿ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಹೆದರಿದ ಆಮೆ ತಲೆ ಕಾಲುಗಳನ್ನು ತಟ್ಟನೆ ಒಳಗೆಳೆದಾಗ ಅವಕ್ಕೆ ಜಾಗವಾಗಲು ಶ್ವಾಸಕೋಶದ ಗಾಳಿ ಹೊರಗೆ ಹೋಗಬೇಕು. ಆಗ ಕೇಳುವ ‘ಬುಸ್’ ಸದ್ದು ಅದೇ. ತಲೆಯನ್ನು ಒಳಗೆಳೆಯಲು ಕುತ್ತಿಗೆಯ ಎಂಟು ಮಣಿಗಳು ಮಡಚಿಕೊಳ್ಳುತ್ತವೆ.

ಚಿಪ್ಪಿನ ಆಕಾರವೂ ಆಮೆಯ ಬದುಕಿಗೆ ಹೊಂದಿಕೊಂಡಿದೆ. ನಕ್ಷತ್ರ ಆಮೆಯ ಚಿಪ್ಪು ಎತ್ತರದ ಗುಮ್ಮಟ. ಗಂಡಾಮೆಯ ಹೊಟ್ಟೆಚಿಪ್ಪು ಸ್ವಲ್ಪ ತಗ್ಗಾಗಿದ್ದು, ಕೂಡುವಾಗ ಹೆಣ್ಣಿನ ಬೆನ್ನಿನ ಮೇಲೆ ನಿಲ್ಲಲು ನೆರವಾಗುತ್ತದೆ. ಅಂಗಾತ ಬಿದ್ದ ಆಮೆಗೆ ಬಿಸಿಲೂ ಬೇಟೆಪ್ರಾಣಿಯೂ ಅಪಾಯಕಾರಿ. ಹಂಗೇರಿಯ ವಿಜ್ಞಾನಿಗಳಾದ ಗಾಬೋರ್ ಡೊಮೊಕೋಸ್ ಮತ್ತು ಪೀಟರ್ ವಾರ್ಕೊನಿ 2006ರಲ್ಲಿ ಗೊಂಬೊಕ್ ಎಂಬ ಘನಾಕೃತಿಯನ್ನು ತಯಾರಿಸಿದರು. ಹೇಗೆ ಇಟ್ಟರೂ ಉರುಳಿ ಒಂದೇ ನಿಲುವಿಗೆ ಬಂದು ನಿಲ್ಲುವುದು ಅದರ ಗುಣ. ಎತ್ತರದ ಚಿಪ್ಪಿನ ಆಮೆಗಳನ್ನು ಅವರು ಅಳೆದಾಗ ನಕ್ಷತ್ರ ಆಮೆಯ ಚಿಪ್ಪು ಆ ಆಕೃತಿಗೆ ಬಹಳ ಹತ್ತಿರವಿರುವುದು ಕಂಡಿತು. 2008ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಚಪ್ಪಟೆ ಚಿಪ್ಪಿನ ಆಮೆ ಉದ್ದ ಕುತ್ತಿಗೆಯನ್ನು ನೆಲಕ್ಕೂರಿ ಮಗುಚಿಕೊಳ್ಳಬೇಕು. ನಕ್ಷತ್ರ ಆಮೆಗೆ ಕಾಲು, ತಲೆಗಳನ್ನು ತುಸು ಆಡಿಸಿದರೆ ಉಳಿದ ಕೆಲಸವನ್ನು ಚಿಪ್ಪಿನ ಆಕಾರವೇ ಮಾಡಿಕೊಡುತ್ತದೆ.

ಕೆರೆ ಆಮೆಯ ಚಿಪ್ಪಿನ ಮೇಲೆ ಕೆರಟಿನ್ ತಟ್ಟೆಗಳಿಲ್ಲ. ಎಲುಬಿನ ಮೇಲೆ ನುಣುಪಾದ ಚರ್ಮ ನೇರವಾಗಿ ಹೊದ್ದಿದೆ. ಭಾರ ಕಡಿಮೆ, ಮೈ ಚಪ್ಪಟೆಯಾದ್ದರಿಂದ ಈಜು ಸಲೀಸು, ಕೆಸರಿನಲ್ಲಿ ಹುದುಗಲೂ ಸುಲಭ. ಹೊಟ್ಟೆಚಿಪ್ಪಿನ ಹಿಂಭಾಗದ ಎರಡು ಚರ್ಮದ ಮಡಿಕೆಗಳು ಹಿಂಗಾಲುಗಳನ್ನು ಒಳಗೆಳೆದಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಈ ಆಮೆ ಕೆಸರಿನಲ್ಲಿ ಹೂತುಕೊಂಡು ಮಳೆಗಾಲದ ತನಕ ಕಾಯಬಲ್ಲದು. ಮೆತ್ತನೆ ಮೈಯೆಂದು ಹೆಸರಾದರೂ ಒಳಗಿನ ಎಲುಬಿನ ಹಂದರ ಗಟ್ಟಿಯದೇ.

ಚಿಪ್ಪು ಜೀವಂತ ಅಂಗವಾದ್ದರಿಂದ ಅದಕ್ಕಾದ ಗಾಯವನ್ನು ಮುರಿದ ಎಲುಬಿನಂತೆಯೇ ಕಾಣಬೇಕು. ರಸ್ತೆ ದಾಟುವಾಗ ವಾಹನ ಹಾಯ್ದು ಚಿಪ್ಪು ಬಿರಿದ ಆಮೆಗೆ ಪಶುವೈದ್ಯರ ಆರೈಕೆ ಸಿಕ್ಕರೆ ಬಿರುಕು ಕೂಡಿಕೊಳ್ಳಬಹುದು, ಆದರೆ ಅದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಳೇ ಬೇಕು. ಚಿಪ್ಪಿಗೆ ತೂತು ಕೊರೆದು ದಾರ ಕಟ್ಟುವುದು ಎಲುಬನ್ನೇ ಕೊರೆದಂತೆ. ಬಣ್ಣ ಬಳಿಯುವುದೂ ಹಾನಿಕರ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದಲೂ ವಿದೇಶಗಳಲ್ಲಿ ಸಾಕುಪ್ರಾಣಿಯಾಗಿ ಮಾರುವ ಆಸೆಯಿಂದಲೂ ನಕ್ಷತ್ರ ಆಮೆಯನ್ನು ಹಿಡಿಯುವ ಜಾಲವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು ಅಪರಾಧ. 2019ರಲ್ಲಿ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಅದು ಸೇರಿದ್ದರಿಂದ ಕಾಡಿನಿಂದ ಹಿಡಿದ ಆಮೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ಗಾಯಗೊಂಡ ಆಮೆ ಕಣ್ಣಿಗೆ ಬಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸುವುದೇ ಸರಿಯಾದ ದಾರಿ.