ಯಂತ್ರಕ್ಕೂ ಉಸಿರು ಬೇಕು

ಕಳೆದ ಮೇ ತಿಂಗಳ ಒಂದು ರಾತ್ರಿ, ರಾಯಚೂರಿನ ನಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇತಿಹಾಸದ ಪ್ರಬಂಧ ಬರೆಯುತ್ತಿದ್ದೆ. ಯಂತ್ರ ಮೊದಲು ಗುಂಯ್‌ಗುಟ್ಟಿತು, ಆಮೇಲೆ ನಿಧಾನವಾಯಿತು, ಕೊನೆಗೆ ತಾನಾಗಿಯೇ ಆರಿಹೋಯಿತು. ಉಳಿಸಿಡದಿದ್ದ ನಾಲ್ಕು ಪುಟಗಳೂ ಹೋದವು. ತಂದೆಯವರು ಜೋಳ ಮಾರಿದ ಹಣದಿಂದ ಕೊಡಿಸಿದ್ದು. ಕೆಟ್ಟೇಹೋಯಿತೆಂದು ಎದೆಯೊಡೆದು ಕುಳಿತೆ.

ಮರುದಿನ ರಿಪೇರಿಯವರು ನೋಡಿ ನಕ್ಕರು: ಕೆಟ್ಟಿರಲಿಲ್ಲ, ಉಸಿರು ಕಟ್ಟಿತ್ತು.

ಮಿತ್ರರೇ, ಈ ಯಂತ್ರದ ಮಿದುಳು ಪ್ರೊಸೆಸರ್. ಕೆಲಸ ಹೆಚ್ಚಿದಂತೆ ಅದು ಬಿಸಿಯೇರುತ್ತದೆ. ಆ ಬಿಸಿಯನ್ನು ತಾಮ್ರದ ಕೊಳವೆ ಅಂಚಿಗೆ ಒಯ್ಯುತ್ತದೆ. ಪುಟ್ಟ ಫ್ಯಾನು ಸಾಮಾನ್ಯವಾಗಿ ತಳದ ಕಿಂಡಿಗಳಿಂದ ಗಾಳಿಯೆಳೆದು ಅದನ್ನು ಹೊರದೂಡುತ್ತದೆ. ಹಾಸಿಗೆ ಕಿಂಡಿಗಳನ್ನು ಮುಚ್ಚಿದರೆ ಬಿಸಿ ಒಳಗೇ ನಿಲ್ಲುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ಆತ್ಮರಕ್ಷಣೆಗಾಗಿ ವೇಗ ತಗ್ಗಿಸುತ್ತದೆ. ಅದೂ ಸಾಲದಿದ್ದರೆ ಯಂತ್ರವೇ ಆರುತ್ತದೆ.

ಫ್ಯಾನು ತಂಪನ್ನು ಹುಟ್ಟಿಸಲಾರದು. ಕೋಣೆಯ ಗಾಳಿ 40 ಡಿಗ್ರಿ ಇದ್ದರೆ ಯಂತ್ರ ಅದಕ್ಕಿಂತ ತಣ್ಣಗಾಗದು. ಆದುದರಿಂದ ನಮ್ಮ ಸೀಮೆಯ ಬೇಸಿಗೆಯಲ್ಲಿ ಬೆಳಗಿನ ಜಾವದ ಬರವಣಿಗೆಯೇ ಮೇಲು. ಯಂತ್ರವನ್ನು ಗಟ್ಟಿ ಸಮತಲದ ಮೇಲಿಡಿ, ಕಿಂಡಿಯ ಧೂಳನ್ನು ಆಗಾಗ ತೆಗೆಸಿ, ಬಿಸಿಲಿನಲ್ಲಿ ಬಿಡಬೇಡಿ. ಬಿಸಿಯಿಂದ ಬ್ಯಾಟರಿಯ ಆಯುಸ್ಸೂ ಕುಗ್ಗುತ್ತದೆ.

ಪ್ರಬಂಧವನ್ನು ಮತ್ತೆ ಬರೆದೆ. ಈ ಸಲ ಯಂತ್ರ ಅವ್ವನ ಊಟದ ಮಣೆಯ ಮೇಲಿತ್ತು. ನಾನು ಹತ್ತು ನಿಮಿಷಕ್ಕೊಮ್ಮೆ ಬರೆದದ್ದನ್ನು ಉಳಿಸುತ್ತಿದ್ದೆ.