ಹೇಲ್ ಮೇರಿ: ಬೇರೆ ದಾರಿಯೇ ಇಲ್ಲದಾಗಿನ ಎಸೆತ

1975ರ ಡಿಸೆಂಬರ್ 28. ಮಿನೆಸೋಟಾದಲ್ಲಿ ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್ ಪಂದ್ಯ. ಡಲ್ಲಾಸ್ ಕೌಬಾಯ್ಸ್ 10, ಮಿನೆಸೋಟಾ ವೈಕಿಂಗ್ಸ್ 14. ಉಳಿದಿರುವುದು ಅರ್ಧ ನಿಮಿಷ!

ಡಲ್ಲಾಸ್‌ನ ರೋಜರ್ ಸ್ಟಾಬಾಕ್ ಮೈದಾನದ ನಡುವಿನಿಂದಲೇ ಬೀಸಿ ಚೆಂಡೆಸೆದರು. ಡ್ರೂ ಪಿಯರ್ಸನ್ ಅದನ್ನು ಹೇಗೋ ಸೊಂಟಕ್ಕೆ ಅವುಚಿ ಹಿಡಿದು ಗೆರೆ ದಾಟಿದರು. ಡಲ್ಲಾಸ್ 17-14ರಲ್ಲಿ ಗೆದ್ದಿತು. ಕಣ್ಣು ಮುಚ್ಚಿ ‘ಹೇಲ್ ಮೇರಿ’ ಎಂದು ಹೇಳಿಕೊಂಡೆ ಎಂದರು, ಕ್ಯಾಥೊಲಿಕರಾದ ಸ್ಟಾಬಾಕ್. ಅದು ಮಾತೆ ಮರಿಯಳಿಗೆ ಸಲ್ಲಿಸುವ ಪ್ರಾರ್ಥನೆ. ಕ್ಯಾಥೊಲಿಕ್ ಕಾಲೇಜು ತಂಡಗಳಲ್ಲಿ ಈ ಮಾತು ಹಿಂದೆಯೇ ಇತ್ತು. ಈ ಎಸೆತದ ನಂತರ ಅಮೆರಿಕದ ಮನೆಮಾತಾಯಿತು.

ಈಗ ಅದು ಆಟದ ಮೈದಾನದಿಂದಾಚೆಗೂ ಓಡಾಡುತ್ತಿದೆ. ಮುಚ್ಚುವ ಹಂತಕ್ಕೆ ಬಂದ ಕಂಪನಿ ಉಳಿದ ಹಣವನ್ನೆಲ್ಲ ಒಂದೇ ಹೊಸ ಉತ್ಪನ್ನಕ್ಕೆ ಸುರಿದರೆ, ಅದು ‘ಹೇಲ್ ಮೇರಿ’. ಎಲ್ಲ ಕೋರ್ಟುಗಳಲ್ಲೂ ಸೋತ ವಕೀಲರು ಸಲ್ಲಿಸುವ ಕಟ್ಟಕಡೆಯ ಅರ್ಜಿಯೂ ಹಾಗೆಯೇ.

ಬಳಸುವ ಮುನ್ನ ಮೂರು ಸಂಗತಿ ನೋಡಿಕೊಳ್ಳಬೇಕು: ಸಮಯ ಮುಗಿಯುತ್ತಿರಬೇಕು, ಬೇರೆ ಉಪಾಯ ಉಳಿದಿರಬಾರದು, ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇರಬೇಕು. ಪರೀಕ್ಷೆಗೆ ಚೆನ್ನಾಗಿ ಓದಿಕೊಂಡವರ ಪ್ರಯತ್ನಕ್ಕೆ ಈ ಮಾತು ಹೊಂದುವುದಿಲ್ಲ.

ಆದರೂ ಅರ್ಥ ಹಿಗ್ಗಿದ್ದುಂಟು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಜನರಲ್ ನಾರ್ಮನ್ ಶ್ವಾರ್ಜ್‌ಕಾಫ್, ಸೇನೆಯನ್ನು ಪಶ್ಚಿಮದ ಮರುಭೂಮಿಗೆ ಸರಿಸಿದ ತಂತ್ರವನ್ನು ‘ಹೇಲ್ ಮೇರಿ’ಗೆ ಹೋಲಿಸಿದರು. ಅವರ ಪಡೆಯೇನೂ ಸೋಲಿನ ಅಂಚಿನಲ್ಲಿರಲಿಲ್ಲ.

ಆ್ಯಂಡಿ ವಿಯರ್ 2021ರ ಕಾದಂಬರಿ ‘ಪ್ರಾಜೆಕ್ಟ್ ಹೇಲ್ ಮೇರಿ’ಯಲ್ಲಿ ಮೂಲ ಅರ್ಥವನ್ನೇ ಹಿಡಿದರು: ಸೂರ್ಯ ಮಂಕಾಗುತ್ತಿದ್ದಾನೆ, ಭೂಮಿಯನ್ನು ಉಳಿಸಲು ಹೊರಟ ನೌಕೆಯ ಹೆಸರೇ ‘ಹೇಲ್ ಮೇರಿ’.